ಸೀಲ್ ಇದ್ದ ಡಬ್ಬದಲ್ಲಿ ಹಳೇ ಲ್ಯಾಪ್‌ಟಾಪ್, 'ತನಿಖೆ ಮುಗಿದಿದೆ' ಎಂದು ಕೈತೊಳೆದುಕೊಂಡ ಆನ್‌ಲೈನ್ ಮಾರುಕಟ್ಟೆ: ಅಧಿಕೃತ ದೂರು ಕೊಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಿಂದ 62,490 ರೂಪಾಯಿಯ ಲ್ಯಾಪ್‌ಟಾಪ್ ತರಿಸಿದ್ದು. ಹೆಸರು ಬೇಡ. ಬಿಲ್ಲಿನಲ್ಲಿ ಮತ್ತು ಡಬ್ಬದ ಸ್ಟಿಕ್ಕರಿನಲ್ಲಿ ಇರುವುದು ಒಂದೇ ಸೀರಿಯಲ್ ನಂಬರು, ಯಂತ್ರದ ಅಡಿಯಲ್ಲಿ ಇರುವುದು ಬೇರೆ. ಮಾಡೆಲ್ ಮಾತ್ರ ಅದೇ. ಅಡಿಯ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಹೋದ ವರ್ಷವೇ ಶುರುವಾಗಿದೆ ಅಂತ ತೋರಿಸುತ್ತಿದೆ.

ರಿಟರ್ನ್ ಅವಧಿಯೊಳಗೇ ಚಾಟ್‌ನಲ್ಲಿ ಹೇಳಿದ್ದಾಯಿತು. 'ತನಿಖೆ ಮಾಡಿದ್ದೇವೆ, ಸರಿಯಾದ ವಸ್ತುವೇ ತಲುಪಿದೆ, ಓಟಿಪಿ ನೀವೇ ಕೊಟ್ಟಿದ್ದೀರಿ' ಅಂತ ಟಿಕೆಟ್ ಮುಚ್ಚಿದರು. ಮಾರಿದವನು ನೋಯ್ಡಾ ಕಡೆಯವನು, ಫೋನ್ ಎತ್ತುವುದಿಲ್ಲ. ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲ. ನಾನಿರುವುದು ಶಿವಮೊಗ್ಗದಲ್ಲಿ, ಆದರೆ ಅವರ ಷರತ್ತುಗಳಲ್ಲಿ 'ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ವ್ಯಾಪ್ತಿ' ಅಂತ ಬರೆದಿದೆ.

ದೂರು ಯಾರಿಗೆ, ಯಾವ ಕ್ರಮದಲ್ಲಿ? ವಕೀಲರು ಬೇಕೇ ಬೇಕಾ? ಖರ್ಚೆಷ್ಟು?

ಕಡತಗಾರ

ಸರ್, ಚಾಟ್ ನಿಲ್ಲಿಸಿ. ಕಸ್ಟಮರ್ ಕೇರ್‌ನವರ ಕೈಯಲ್ಲಿ ಟಿಕೆಟ್ ಮುಚ್ಚುವುದು ಬಿಟ್ಟರೆ ಬೇರೆ ಅಧಿಕಾರವಿಲ್ಲ. ಅಲ್ಲಿ ಎಷ್ಟು ಜಗಳವಾಡಿದರೂ ನಾಳೆ ಗ್ರಾಹಕ ಆಯೋಗದ ಮುಂದೆ ತೋರಿಸಲಿಕ್ಕೆ ನಾಲ್ಕು ಸ್ಕ್ರೀನ್‌ಶಾಟ್ ಮಾತ್ರ ಉಳಿಯುತ್ತದೆ.

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ನಿಯಮ 4ರಂತೆ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕವನ್ನು ತನ್ನ ತಾಣದಲ್ಲಿ ಹಾಕಬೇಕು. ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ 'ಗ್ರೀವೆನ್ಸ್ ಆಫೀಸರ್' ಅಂತ ಇರುತ್ತದೆ. ಅಲ್ಲಿಗೆ ದೂರು ಹೋದರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಮ್ಮ ಮೊಕದ್ದಮೆಯ ತಾರೀಕುಗಳು ಈ ಇ-ಮೇಲ್‌ನಿಂದ ಶುರುವಾಗುತ್ತವೆ.

ಇ-ಮೇಲ್ ಒಂದು ಪುಟ ದಾಟಬಾರದು. ಬೈಗುಳ, 'ಟ್ವಿಟ್ಟರಿನಲ್ಲಿ ಹಾಕುತ್ತೇನೆ' ಎಂಬ ಬೆದರಿಕೆ ಬೇಡ, ಅದನ್ನೇ ಮುಂದೆ ನಿಮ್ಮ ವಿರುದ್ಧ ಓದುತ್ತಾರೆ. ಹೀಗೆ ಬರೆಯಿರಿ:

'ವಿಷಯ: ಇ-ವಾಣಿಜ್ಯ ನಿಯಮಗಳು 2020, ನಿಯಮ 4ರ ಅಡಿ ದೂರು. ಆರ್ಡರ್ ಸಂಖ್ಯೆ ..., ಬಿಲ್ ಸಂಖ್ಯೆ ..., ದಿನಾಂಕ ...
ಬಿಲ್ಲಿನಲ್ಲಿ ನಮೂದಾದ ಸೀರಿಯಲ್ ಸಂಖ್ಯೆ ... . ನನಗೆ ತಲುಪಿದ ಯಂತ್ರದ ಸೀರಿಯಲ್ ಸಂಖ್ಯೆ ... . ಇದರ ವಾರಂಟಿ ನನ್ನ ಖರೀದಿಗೆ ಮೊದಲೇ ಆರಂಭವಾಗಿದೆ (ದಾಖಲೆ ಲಗತ್ತಿಸಿದೆ). ನೀವು ಮಾಡಿದ ತನಿಖೆಯ ವರದಿಯ ಪ್ರತಿ ಕೊಡಿ. ನಿಯಮ 5ರಂತೆ ಮಾರಾಟಗಾರರ ಪ್ರಧಾನ ಕಚೇರಿ ಮತ್ತು ಶಾಖೆಗಳ ವಿಳಾಸ, ಇ-ಮೇಲ್ ಕೊಡಿ. ಯಂತ್ರವನ್ನು ಹಿಂಪಡೆದು 62,490 ರೂಪಾಯಿಯನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ.'

ಕೊನೆಯ ಮೂರೂ ಬೇಡಿಕೆ ಮುಖ್ಯ. ಮಾರಾಟಗಾರನ ವಿವರವನ್ನು ಖರೀದಿಯ ನಂತರ ಲಿಖಿತವಾಗಿ ಕೇಳಿದರೆ ಮಾರುಕಟ್ಟೆ ಕಂಪನಿ ಕೊಡಲೇಬೇಕು. ಕೊಡದಿದ್ದರೆ ಅದೇ ಅವರ ಇನ್ನೊಂದು ಲೋಪ. ತನಿಖೆ ವರದಿ ಬಹುತೇಕ ಇರುವುದೇ ಇಲ್ಲ. 'ಪಾವತಿಸಿದ ಖಾತೆಗೇ' ಅಂತ ಬರೆಯದಿದ್ದರೆ ಅವರ ವಾಲೆಟ್ಟಿಗೋ ಗಿಫ್ಟ್ ಕಾರ್ಡಿಗೋ ಒಂದಿಷ್ಟು ಹಾಕಿ 'ಇತ್ಯರ್ಥವಾಗಿದೆ' ಅನ್ನುತ್ತಾರೆ.

ಇ-ಮೇಲ್ ಕಳಿಸುವ ಮುಂಚೆ ಆ ಖಾತೆಯಲ್ಲಿರುವ ಎಲ್ಲ ಬಿಲ್, ಆರ್ಡರ್ ಪುಟ, ಚಾಟ್ ದಾಖಲೆ, ವಸ್ತುವಿನ ಪುಟ, ರಿಟರ್ನ್ ನೀತಿ ಎಲ್ಲವನ್ನೂ ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. 'ಅತಿಯಾದ ರಿಟರ್ನ್' ಅಂತ ಖಾತೆಗೆ ಬೀಗ ಹಾಕುವುದುಂಟು, ಆಮೇಲೆ ಬಿಲ್ ಕೂಡ ಸಿಗುವುದಿಲ್ಲ.

ಬೆಂಗಳೂರಿನ ಷರತ್ತಿಗೆ ಹೆದರಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 34ರ ಪ್ರಕಾರ ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಶಿವಮೊಗ್ಗ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವೇ ಸಾಕು, ದೂರನ್ನು ಕನ್ನಡದಲ್ಲೇ ಬರೆಯಬಹುದು. ಷರತ್ತಿನಲ್ಲಿ 'ವಿವಾದ ಮಧ್ಯಸ್ಥಗಾರರಿಗೆ' ಅಂತ ಇದ್ದರೂ ಅಷ್ಟೇ. ಅದು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿಯಾಗಿದೆ.

ಖರ್ಚು: ಪಾವತಿಸಿದ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗೂ ಜಿಲ್ಲಾ ಆಯೋಗವೇ. ನೋಟರಿ, ಜೆರಾಕ್ಸ್, ಅಂಚೆ, ಇಷ್ಟೇ. ವಕೀಲರು ಕಡ್ಡಾಯವಲ್ಲ.

ಪಾರ್ಸೆಲ್‌ಪುರಾಣ

ಕಡತಗಾರರು ಕಾಗದದ ಕಡೆ ಹೇಳಿದರು, ನಾನು ವಸ್ತುವಿನ ಕಡೆ ಹೇಳುತ್ತೇನೆ.

ನಿಮ್ಮದು 'ಡಬ್ಬದಲ್ಲಿ ಸೋಪು ಬಂತು' ಜಾತಿಯ ಪ್ರಕರಣ ಅಲ್ಲ. ಅಲ್ಲಾದರೆ ಶಿಪ್ಪಿಂಗ್ ಲೇಬಲ್ಲಿನ ತೂಕ ದೊಡ್ಡ ಸಾಕ್ಷಿ. ನಿಮಗೆ ಅದೇ ಮಾಡೆಲ್ ಬಂದಿರುವುದರಿಂದ ತೂಕ ಗ್ರಾಂ ಲೆಕ್ಕದಲ್ಲೂ ಸರಿಹೋಗುತ್ತದೆ, ತೂಕದ ವಾದಕ್ಕೆ ಹೋಗಬೇಡಿ. ಇಂಥದ್ದು ಹೆಚ್ಚಾಗಿ ಆಗುವುದು ಹೀಗೆ: ಮೊದಲ ಯಾರೋ ಗ್ರಾಹಕ ಹೊಸದನ್ನು ಇಟ್ಟುಕೊಂಡು, ತನ್ನ ಹಳೆಯದನ್ನು ಅದೇ ಡಬ್ಬಕ್ಕೆ ತುಂಬಿ ರಿಟರ್ನ್ ಮಾಡುತ್ತಾನೆ. ಗೋದಾಮಿನಲ್ಲಿ ಡಬ್ಬದ ಹೊರಗಿನ ಬಾರ್‌ಕೋಡ್ ಮಾತ್ರ ಸ್ಕ್ಯಾನ್ ಆಗುತ್ತದೆ, ಒಳಗಿನದನ್ನು ಯಾರೂ ನೋಡುವುದಿಲ್ಲ. ಮತ್ತೆ ಟೇಪ್ ಹಚ್ಚಿ ಮಾರಾಟಕ್ಕೆ. ಬಿಲ್ಲಿಗೆ ನಂಬರು ಬರುವುದೂ ಅದೇ ಡಬ್ಬದ ಸ್ಕ್ಯಾನಿನಿಂದ. ನಿಮ್ಮಲ್ಲಿ ಬಿಲ್ ಮತ್ತು ಡಬ್ಬ ಹೊಂದಿ, ಯಂತ್ರ ಮಾತ್ರ ಹೊಂದದಿರುವುದಕ್ಕೆ ಇದೇ ಕಾರಣ ಇರಬಹುದು.

ಹಾಗಾಗಿ ಓಟಿಪಿ ವಾದಕ್ಕೆ ಬೆಲೆಯಿಲ್ಲ. ಓಟಿಪಿ ಹೇಳುವುದು ಪೊಟ್ಟಣ ಕೈಸೇರಿತು ಅಂತ, ಒಳಗೆ ಏನಿತ್ತು ಅಂತಲ್ಲ. ಡೆಲಿವರಿ ಹುಡುಗನ ಮೇಲೆ ಗೂಬೆ ಕೂರಿಸುವ ಅಗತ್ಯವೂ ಇಲ್ಲ. ಓಪನ್ ಬಾಕ್ಸ್ ಡೆಲಿವರಿ (ಬಾಗಿಲಲ್ಲೇ ಡಬ್ಬ ತೆರೆದು ತೋರಿಸಿ ಕೊಡುವುದು) ಆಗಿದ್ದರೂ ಬಾಗಿಲಲ್ಲಿ ನಿಂತು ಅಡಿಯ ಸೀರಿಯಲ್ ನಂಬರನ್ನು ಬಿಲ್ಲಿಗೆ ತಾಳೆ ನೋಡುವವರು ಎಷ್ಟು ಜನ?

ಈಗ ಮಾಡಬೇಕಾದ್ದು. ಯಂತ್ರ ಬಳಸುವುದನ್ನು ಇವತ್ತೇ ನಿಲ್ಲಿಸಿ. ಅಡಿಯ ಸ್ಟಿಕ್ಕರನ್ನು ಬದಲಿಸಬಹುದು ಅಂತ ಎದುರುದಾರರು ಹೇಳಿಯಾರು, ಅದಕ್ಕೆ ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಕಾಣುವ ಸೀರಿಯಲ್ ನಂಬರನ್ನೂ ಫೋಟೋ ತೆಗೆಯಿರಿ. ಅದನ್ನು ಮದರ್‌ಬೋರ್ಡಿಗೆ ಬರೆದಿರುತ್ತದೆ, ಕೆರೆದು ಅಂಟಿಸಲು ಬರುವುದಿಲ್ಲ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯಲು ಸೌಲಭ್ಯವಿದೆ. ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟು, ಈಗ ತುಂಬುವುದು ಎಷ್ಟು, ಹಲವು ಮಾಡೆಲ್‌ಗಳಲ್ಲಿ ಎಷ್ಟು ಸಲ ಚಾರ್ಜ್ ಆಗಿದೆ ಅನ್ನುವುದೂ ಅದರಲ್ಲಿ ಬರುತ್ತದೆ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅನ್ನುವುದು ಅದು ತಾನೇ ಬರೆದಿಟ್ಟುಕೊಳ್ಳುವ 'ಸ್ಮಾರ್ಟ್' (S.M.A.R.T.) ದಾಖಲೆಯಲ್ಲಿ ಸಿಗುತ್ತದೆ. ನಿನ್ನೆ ಬಂದ ಯಂತ್ರ ಸಾವಿರಾರು ಗಂಟೆ ಓಡಿದೆ ಅಂದರೆ ಹೊಸದು ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ನೀವು ಬಳಸುತ್ತಾ ಹೋದರೆ ಈ ಅಂಕಿಗಳೇ ಕೆಡುತ್ತವೆ.

ಆಮೇಲೆ ತಯಾರಕರ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು ಜಾಬ್ ಶೀಟ್ ಮಾಡಿಸಿ. ಅದರಲ್ಲಿ ಯಂತ್ರದ ಸೀರಿಯಲ್ ನಂಬರು, ವಾರಂಟಿ ಆರಂಭದ ದಿನಾಂಕ, ಸೀಲು, ಸಹಿ ಇರಲಿ. ಏನನ್ನೂ ರಿಪೇರಿ ಮಾಡಲು ಬಿಡಬೇಡಿ. ಮೂರನೆಯವರ ಈ ಒಂದು ಹಾಳೆ ನಿಮ್ಮ ಇಪ್ಪತ್ತು ಸ್ಕ್ರೀನ್‌ಶಾಟಿಗಿಂತ ಹೆಚ್ಚು ತೂಗುತ್ತದೆ.

ಡಬ್ಬ, ಹೊರಗಿನ ಕವರ್, ಟೇಪು, ಲೇಬಲ್ ಯಾವುದನ್ನೂ ಎಸೆಯಬೇಡಿ. ತಯಾರಕರ ಮೂಲ ಸೀಲಿನ ಮೇಲೆ ಇನ್ನೊಂದು ಟೇಪ್ ಇದ್ದರೆ ಹತ್ತಿರದಿಂದ ಫೋಟೋ ತೆಗೆಯಿರಿ. ಅನ್‌ಬಾಕ್ಸಿಂಗ್ ವಿಡಿಯೋ ಕಾನೂನಿನಲ್ಲಿ ಕಡ್ಡಾಯವಲ್ಲ. ಇದ್ದರೆ ಒಳ್ಳೆಯದು ಅಷ್ಟೇ.

ಹುಳಿಹುಣಿಸೆ

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದನ್ನು ಯಾರೂ ಹೇಳಲಿಲ್ಲವಲ್ಲ? ಅಥವಾ ಅದೂ ವ್ಯರ್ಥವಾ? ಇನ್ನೊಂದು, ಸೀದಾ ಸಿಸಿಪಿಎಗೆ ಬರೆದರೆ ದಂಡ ಹಾಕುತ್ತಾರಂತೆ.

ಕಡತಗಾರ

1915 ವ್ಯರ್ಥ ಅಲ್ಲ, ಆದರೆ ಅದಕ್ಕೆ ಆದೇಶ ಮಾಡುವ ಅಧಿಕಾರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇರುವುದು ಮೊಕದ್ದಮೆಗೆ ಮುಂಚಿನ ಹಂತಕ್ಕೆ. ಕನ್ನಡದಲ್ಲಿ ಮಾತಾಡಬಹುದು, ಪೋರ್ಟಲ್ ಇದೆ, ಉಮಂಗ್ ಆ್ಯಪಿನಲ್ಲೂ ಇದೆ. ದೊಡ್ಡ ಮಾರುಕಟ್ಟೆ ಕಂಪನಿಗಳು ಅದರ ಜೊತೆ ಜೋಡಣೆಯಾಗಿರುವುದರಿಂದ ನಿಮ್ಮ ದೂರು ಕಂಪನಿಯೊಳಗೆ ಚಾಟ್ ಹುಡುಗರನ್ನು ದಾಟಿ ಬೇರೆ ತಂಡದ ಮೇಜಿಗೆ ಬೀಳುತ್ತದೆ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಕುಂದುಕೊರತೆ ಅಧಿಕಾರಿಗೆ ಬರೆದು, 48 ಗಂಟೆ ಬಿಟ್ಟು 1915ರಲ್ಲಿ ದಾಖಲಿಸಿ. ಫೋನಿಗಿಂತ ಪೋರ್ಟಲ್ ಮೇಲು, ದಾಖಲೆ ಲಗತ್ತಿಸಬಹುದು. ಕಂಪನಿ ಅಲ್ಲಿ ಏನಾದರೂ ಉತ್ತರ ಹಾಕಿದರೆ ಅದನ್ನು ಇಳಿಸಿಕೊಳ್ಳಿ, ಅದು ಅವರದೇ ಲಿಖಿತ ನಿಲುವು.

ಎಡವುವುದು ಇಲ್ಲಿ: 1915ರ ದೂರು ಕಾಲಮಿತಿಯನ್ನು ನಿಲ್ಲಿಸುವುದಿಲ್ಲ. ಆಯೋಗಕ್ಕೆ ಹೋಗಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ (ಸೆಕ್ಷನ್ 69). 'ಸಹಾಯವಾಣಿಯಲ್ಲಿ ಬಾಕಿ ಇತ್ತು' ಅಂತ ಕೂತರೆ ವಿಳಂಬ ಮನ್ನಾ ಅರ್ಜಿ ಹಾಕಿ ಕಾರಣ ಒಪ್ಪಿಸಬೇಕಾಗುತ್ತದೆ.

ಸಿಸಿಪಿಎ, ಅಂದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಒಬ್ಬರ ಹಣ ಕೊಡಿಸುವ ಜಾಗವಲ್ಲ. ಗ್ರಾಹಕರಿಗೆ ಒಟ್ಟಾಗಿ ಆಗುವ ಹಾನಿಯನ್ನು ಅದು ನೋಡುತ್ತದೆ. 2022ರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟವಿಲ್ಲದ ಪ್ರೆಶರ್ ಕುಕ್ಕರ್‌ಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಎರಡಕ್ಕೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ, ಕುಕ್ಕರ್‌ಗಳನ್ನು ವಾಪಸ್ ತರಿಸಿ ಹಣ ಮರಳಿಸಲು ಆದೇಶಿಸಿದ್ದು ಇದೇ ಪ್ರಾಧಿಕಾರ. ಒಂದೇ ಮಾರಾಟಗಾರನಿಂದ ಹಲವರಿಗೆ ಹಳೇ ಲ್ಯಾಪ್‌ಟಾಪ್ ಬಂದಿರುವ ದಾಖಲೆ ಸಿಕ್ಕರೆ ಅಲ್ಲಿಗೂ ಒಂದು ಪ್ರತಿ ಕಳಿಸಿ. ನಿಮ್ಮ 62,490ಕ್ಕೆ ಮಾತ್ರ ಆಯೋಗವೇ ದಾರಿ.

ತುಂಗಾತೀರ

ತುಂಬಾ ಉಪಕಾರವಾಯಿತು. ಒಂದು ತೊಡಕು ಹೇಳಲು ಬಿಟ್ಟಿದ್ದೆ. ಆರ್ಡರ್ ಮಾಡುವಾಗ ನನ್ನ ಡಿಟಿಪಿ (ಕಂಪ್ಯೂಟರ್ ಅಕ್ಷರ ಜೋಡಣೆ) ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿದ್ದರಿಂದ ಬಿಲ್ ಅಂಗಡಿ ಹೆಸರಿನಲ್ಲಿದೆ. ಅಂಗಡಿಯಲ್ಲಿ ಕೆಲಸ ಮಾಡುವುದು ನಾನೊಬ್ಬನೇ. ಮತ್ತೆ, ದೂರು ಯಾರ ಯಾರ ಮೇಲೆ ಹಾಕಬೇಕು? ಹಣ ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ ಹೋಗುತ್ತಿದೆ, ನಿಲ್ಲಿಸಬಹುದಾ?

ಅಪೀಲು_ಅಜ್ಜ

ಜಿಎಸ್‌ಟಿ ನಂಬರಿನ ವಿಷಯ ಮೊದಲು. ಎದುರುದಾರರ ಮೊದಲ ಆಕ್ಷೇಪ ಇದೇ ಆಗಿರುತ್ತದೆ ಅಂತ ಬರೆದಿಟ್ಟುಕೊಳ್ಳಿ: 'ವಾಣಿಜ್ಯ ಉದ್ದೇಶಕ್ಕೆ ಕೊಂಡಿದ್ದಾರೆ, ಇವರು ಗ್ರಾಹಕರೇ ಅಲ್ಲ'. ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(7)ರ ವಿವರಣೆಯಲ್ಲಿ ನಿಮಗೆ ಉತ್ತರವಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡಿಕೊಳ್ಳಲಿಕ್ಕೇ ಕೊಂಡು ತಾನೇ ಬಳಸಿದರೆ ಅದು ವಾಣಿಜ್ಯ ಉದ್ದೇಶವಲ್ಲ. 1995ರ ಲಕ್ಷ್ಮಿ ಎಂಜಿನಿಯರಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉದಾಹರಣೆಯೇ ಟೈಪ್‌ರೈಟರ್ ಕೊಂಡು ಬೇರೆಯವರಿಗೆ ಟೈಪ್ ಮಾಡಿಕೊಟ್ಟು ಬದುಕುವವನದು. ಡಿಟಿಪಿ ಅಂಗಡಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಸಿಗಲಿಕ್ಕಿಲ್ಲ. ವಾಣಿಜ್ಯ ಉದ್ದೇಶ ಇತ್ತು ಅಂತ ರುಜುವಾತು ಮಾಡುವ ಹೊಣೆ ಹಾಗೆ ವಾದಿಸುವವರ ಮೇಲೇ ಇದೆ ಅಂತ 2024ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಆದರೆ ದೂರಿನಲ್ಲಿ ಇದನ್ನು ನೀವೇ ಮೊದಲು ಬರೆಯಬೇಕು. 'ದೂರುದಾರರು ಡಿಟಿಪಿ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದು, ಕೆಲಸಗಾರರಿಲ್ಲ, ಸದರಿ ಯಂತ್ರವನ್ನು ಸ್ವತಃ ಬಳಸಲು ಖರೀದಿಸಿರುತ್ತಾರೆ' ಎಂಬ ಒಂದು ಪ್ಯಾರಾ ಹಾಕಿ. ಬರೆಯದೇ ಬಿಟ್ಟು ಆಮೇಲೆ ವಾದದಲ್ಲಿ ಹೇಳಿದರೆ ಗೋಜಲು. ದೂರು ನಿಮ್ಮ ಹೆಸರಿನಲ್ಲೇ ಇರಲಿ, ಹೆಸರಿನ ಮುಂದೆ 'ಮಾಲೀಕರು' ಎಂದು ಅಂಗಡಿಯ ಹೆಸರು ಬರಲಿ. ಈ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿದ್ದರೆ ನಿಮ್ಮ ಆಡಿಟರಿಗೆ ಹೇಳಿ. ಪೂರ್ತಿ ಹಣ ವಾಪಸ್ ಕೇಳುತ್ತಾ ಆ ತೆರಿಗೆಯನ್ನೂ ಇಟ್ಟುಕೊಂಡಿದ್ದೀರಿ ಅಂತ ಎದುರಿನವರು ಎತ್ತಿ ತೋರಿಸಿದರೆ ಮುಖಭಂಗ.

ಯಾರ ಮೇಲೆ: ಎದುರುದಾರ 1 ಮಾರುಕಟ್ಟೆ ಕಂಪನಿ, ಎದುರುದಾರ 2 ಮಾರಾಟಗಾರ. ಆ್ಯಪಿನ ಹೆಸರು ಹಾಕಬೇಡಿ. ಷರತ್ತುಗಳ ಪುಟದಲ್ಲಿ '... ಪ್ರೈವೇಟ್ ಲಿಮಿಟೆಡ್' ಅಂತ ಪೂರ್ತಿ ಹೆಸರು, ನೋಂದಾಯಿತ ಕಚೇರಿ ಇರುತ್ತದೆ. ಒಂದೇ ಗುಂಪಿನಲ್ಲಿ ಮಾರುಕಟ್ಟೆಗೊಂದು, ಸಾಗಣೆಗೊಂದು, ಪಾವತಿಗೊಂದು ಕಂಪನಿ ಇರುವುದರಿಂದ ತಪ್ಪು ಹೆಸರಿಗೆ ಹೋದ ನೋಟಿಸಿಗೆ 'ನಮಗೂ ಇದಕ್ಕೂ ಸಂಬಂಧವಿಲ್ಲ' ಎಂಬ ಉತ್ತರ ಬರುತ್ತದೆ. ಮಾರಾಟಗಾರನ ಜಿಎಸ್‌ಟಿ ನಂಬರು ಬಿಲ್ಲಿನಲ್ಲಿದೆ. 15 ಅಂಕಿ-ಅಕ್ಷರ, ಮೊದಲೆರಡು ರಾಜ್ಯದ ಸಂಕೇತ, 29 ಅಂದರೆ ಕರ್ನಾಟಕ. ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆರಿಗೆದಾರರ ಹುಡುಕಾಟಕ್ಕೆ ಹಾಕಿದರೆ ಕಾನೂನುಬದ್ಧ ಹೆಸರು, ವ್ಯವಹಾರದ ಸ್ಥಳ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಆ ಪುಟವನ್ನೂ ಲಗತ್ತಿಸಿ.

ತಯಾರಕರನ್ನೂ ಕೊರಿಯರಿನವರನ್ನೂ ಸೇರಿಸು ಅಂತ ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಯಂತ್ರದ ತಯಾರಿಕೆಯಲ್ಲಿ ದೋಷವಿದೆ ಅಂತ ನೀವು ಹೇಳುತ್ತಲೇ ಇಲ್ಲ. ಪ್ರತಿ ಹೆಚ್ಚುವರಿ ಎದುರುದಾರನಿಗೂ ಒಂದು ಸೆಟ್ ಪ್ರತಿ, ಒಂದು ನೋಟಿಸು, ಒಂದು ವಾಯಿದೆ.

ಮಾರುಕಟ್ಟೆ ಕಂಪನಿ 'ನಾವು ಬರೀ ಮಧ್ಯವರ್ತಿ, ಮಧ್ಯವರ್ತಿಗಳಿಗೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಸೆಕ್ಷನ್ 79ರ ರಕ್ಷಣೆ ಇದೆ' ಅಂತ ಹೇಳಿಯೇ ಹೇಳುತ್ತದೆ. ನಿಮ್ಮ ಪ್ರಕರಣದ ಗಟ್ಟಿ ಜಾಗ ಅಲ್ಲೇ ಇದೆ. ವಸ್ತು ಮಾರಿದ್ದು ಇನ್ನೊಬ್ಬನಾದರೂ ಹಣ ಪಡೆದವರು ಇವರು, ತನಿಖೆ ಮಾಡಿದೆವು ಅಂದವರು ಇವರು, ರಿಟರ್ನ್ ತಿರಸ್ಕರಿಸಿದವರು ಇವರು. ಆ ತನಿಖೆ ಮಾರಾಟಗಾರನದಲ್ಲ, ಇವರದೇ ಸೇವೆ. ವರದಿ ಕೇಳಿದರೆ ಕೊಡಲಿಲ್ಲ ಅಂದಮೇಲೆ 'ಸೇವಾ ನ್ಯೂನತೆ' ನೇರವಾಗಿ ಇವರ ಮೇಲೇ ನಿಲ್ಲುತ್ತದೆ. ಮಾರಾಟಗಾರನ ವಿರುದ್ಧ ನಿಯಮ 6: ವಸ್ತು ವಿವರಣೆಗೆ ತಕ್ಕಂತೆ ಇಲ್ಲದಿದ್ದರೆ ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ.

ಲೀಗಲ್ ನೋಟಿಸ್ ಕಾಯ್ದೆಯಲ್ಲಿ ಕಡ್ಡಾಯವಿಲ್ಲ, ಆದರೂ ಕಳಿಸಿ. ತಿಂಗಳು ಮುಗಿದ ಮೇಲೆ ನೀವೇ ಸಹಿ ಹಾಕಿ, 15 ದಿನ ಕೊಟ್ಟು, ಇಬ್ಬರಿಗೂ ಸ್ಪೀಡ್ ಪೋಸ್ಟ್ ಮಾಡಿ. ತಲುಪಿದ ದಾಖಲೆಯನ್ನು ಟ್ರ್ಯಾಕಿಂಗ್ ಪುಟದಿಂದ ಕೂಡಲೇ ಮುದ್ರಿಸಿಕೊಳ್ಳಿ, ತಿಂಗಳುಗಟ್ಟಲೆ ಬಿಟ್ಟು ಹುಡುಕಿದರೆ ಸಿಗುವುದಿಲ್ಲ.

ಇಎಂಐ ನಿಲ್ಲಿಸಬೇಡಿ! ಸಾಲ ಕೊಟ್ಟದ್ದು ಬ್ಯಾಂಕು, ತಪ್ಪು ಮಾಡಿದ್ದು ಬೇರೆಯವರು. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಹಾಳಾಗುವುದು ನಿಮ್ಮದು. ಅದರ ಬದಲು ಬ್ಯಾಂಕಿಗೆ 'ಬೇರೆ ವಸ್ತು ಬಂದಿದೆ' ಎಂಬ ಕಾರಣ ಕೊಟ್ಟು ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕಿನ ಮೂಲಕ ಹಿಂಪಡೆಯುವುದು) ಕೇಳಿ, ಜಾಬ್ ಶೀಟ್ ಲಗತ್ತಿಸಿ. ಅದಕ್ಕೆ ಗಡುವಿದೆ, ಈ ವಾರವೇ ಮಾಡಿ.

ಕಡಲಾಚೆ_ಮೈಸೂರು

ಪಕ್ಕದ ಪ್ರಶ್ನೆ. ನಾವು ಹೊರದೇಶದಲ್ಲಿದ್ದು ಮೈಸೂರಿನ ಅಪ್ಪ-ಅಮ್ಮನಿಗೆ ತರಿಸಿದ ವಸ್ತುವಿಗೂ ಹೀಗಾದರೆ ದೂರು ಯಾರು ಕೊಡಬೇಕು?

ಅಪೀಲು_ಅಜ್ಜ

ಅವರೇ ಕೊಡಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯಲ್ಲಿ ಗ್ರಾಹಕರೇ. ಮೈಸೂರು ಜಿಲ್ಲಾ ಆಯೋಗದಲ್ಲಿ ಅವರ ಹೆಸರಿನಲ್ಲಿ ಹಾಕಿ, ಹಣ ನಿಮ್ಮ ಕಾರ್ಡಿನಿಂದ ಹೋದ ದಾಖಲೆ ಮತ್ತು ನಿಮ್ಮದೊಂದು ಒಪ್ಪಿಗೆ ಪತ್ರ ಜೊತೆಗಿರಲಿ.

ಕಡತಗಾರ

ತುಂಗಾತೀರ ಅವರಿಗೆ ದಾಖಲಿಸುವ ಹಂತ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ದೂರು ಸಲ್ಲಿಸುವ ಹಳೆಯ ತಾಣ ಇ-ದಾಖಿಲ್ ಈಗ ಇ-ಜಾಗೃತಿ ಪೋರ್ಟಲ್‌ನೊಳಗೆ ಸೇರಿದೆ. ಮೊಬೈಲ್, ಇ-ಮೇಲ್ ಕೊಟ್ಟು ನೋಂದಾಯಿಸಿ, ಶಿವಮೊಗ್ಗ ಆಯೋಗ ಆರಿಸಿ. 'ಪಾವತಿಸಿದ ಮೊತ್ತ' ಕೇಳಿದಲ್ಲಿ 62,490 ಮಾತ್ರ ಹಾಕಿ, ಪರಿಹಾರ ಸೇರಿಸಬೇಡಿ, ಶುಲ್ಕ ಮತ್ತು ವ್ಯಾಪ್ತಿ ಎರಡೂ ಅದರ ಮೇಲೇ ನಿಂತಿವೆ. ಅಪ್‌ಲೋಡ್ ಮಾಡಬೇಕಾದ್ದು ಸೂಚಿ, ದಿನಾಂಕಗಳ ಪಟ್ಟಿ, ಪಕ್ಷಗಾರರ ವಿವರ, ದೂರು, ನೋಟರಿ ಮಾಡಿಸಿದ ಅಫಿಡವಿಟ್, ದಾಖಲೆಗಳು. ಎಲ್ಲ ಪುಟಕ್ಕೂ ಸಂಖ್ಯೆ, ಪ್ರತಿ ಪುಟದಲ್ಲೂ ಸಹಿ. ಸ್ಕ್ರೀನ್‌ಶಾಟ್, ಇ-ಮೇಲ್ ಇರುವುದರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವನ್ನೂ ಹಾಕಿ. ವಿದ್ಯುನ್ಮಾನ ದಾಖಲೆಗಳಿಗೆ ಮೊದಲು 65ಬಿ (ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್) ಅನ್ನುತ್ತಿದ್ದುದರ ಜಾಗಕ್ಕೆ 2024ರ ಜುಲೈ 1ರಿಂದ ಬಂದದ್ದು ಇದು. ಹಳೇ ನಮೂನೆ ಇಂಟರ್‌ನೆಟ್ಟಿನಲ್ಲಿ ಇನ್ನೂ ಓಡಾಡುತ್ತಿದೆ, ನೋಡಿಕೊಳ್ಳಿ.

ಕೇಳಿಕೆಯಲ್ಲಿ ಹಿಡಿತ ಇರಲಿ. ಬೆಲೆ ವಾಪಸ್, ಪಾವತಿ ದಿನದಿಂದ ಬಡ್ಡಿ, ಮಾನಸಿಕ ಯಾತನೆಗೆ ಒಂದು ಮೊತ್ತ, ವ್ಯಾಜ್ಯದ ಖರ್ಚು. 62 ಸಾವಿರದ ವಸ್ತುವಿಗೆ 10 ಲಕ್ಷ ಪರಿಹಾರ ಕೇಳಿದರೆ ಓದುವವರಿಗೆ ಮೊದಲ ಪುಟದಲ್ಲೇ ನಂಬಿಕೆ ಹೋಗುತ್ತದೆ. 'ಎದುರುದಾರರು ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಎಂಬ ಪದಗಳು ತಪ್ಪದಿರಲಿ. ಮಾರಾಟಗಾರ ಅಂಗಡಿ ಮುಚ್ಚಿಕೊಂಡು ಹೋದರೂ ಪೂರ್ತಿ ಹಣ ಮಾರುಕಟ್ಟೆ ಕಂಪನಿಯಿಂದ ವಸೂಲಾಗಬೇಕಾದರೆ ಅದು ಬೇಕು.

ಪರಿಶೀಲನೆಯಲ್ಲಿ ಕೊರತೆ ಕಂಡರೆ ವಾಪಸ್ ಕಳಿಸುತ್ತಾರೆ. ಬಹುತೇಕ ಮಸುಕು ಸ್ಕ್ಯಾನ್, ಸಹಿ ಇಲ್ಲದ ಪುಟ, ಅಪೂರ್ಣ ವಿಳಾಸ. ಸರಿಪಡಿಸಿ ಮತ್ತೆ ಹಾಕಿ, ಕಾಗದದ ಸೆಟ್ ಬೇಕೇ ಅಂತ ಕಚೇರಿಯಲ್ಲಿ ಕೇಳಿ. ದೂರು ಅಂಗೀಕಾರವಾಗಿ ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದರಾಚೆಗೆ ಒಂದು ದಿನವೂ ಕೊಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 45 ದಿನ ದಾಟಿದರೆ ಎದ್ದುನಿಂತು ಹೇಳಿ. ಮಾರಾಟಗಾರನ ನೋಟಿಸು 'ವಿಳಾಸದಲ್ಲಿಲ್ಲ' ಅಂತ ಮರಳಿದರೆ ಇ-ಮೇಲ್ ಮೂಲಕ ಜಾರಿ ಮಾಡಲು ಅರ್ಜಿ ಕೊಡಿ. ಕಾಯ್ದೆ ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಅನ್ನುತ್ತದೆ, ವಾಸ್ತವದಲ್ಲಿ ಅಷ್ಟು ಬೇಗ ಮುಗಿಯುವುದು ಅಪರೂಪ. ನಡುವೆ ಕಂಪನಿಯ ವಕೀಲರು ರಾಜಿಗೆ ಬಂದರೆ ಮೊತ್ತ, ಪಾವತಿ ದಿನಾಂಕ ಎರಡನ್ನೂ ಆಯೋಗದಲ್ಲಿ ದಾಖಲಿಸಿಯೇ ಒಪ್ಪಿ. 'ದೂರು ಹಿಂತೆಗೆದುಕೊಳ್ಳಿ, ಆಮೇಲೆ ಹಾಕುತ್ತೇವೆ' ಅಂದರೆ ಬೇಡ.

ಆದೇಶ ನಿಮ್ಮ ಪರವಾದರೆ ಅವರಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ, ಜೊತೆಗೆ ಆದೇಶಿತ ಮೊತ್ತದ ಅರ್ಧ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಸೆಕ್ಷನ್ 71ರಲ್ಲಿ ಜಾರಿ ಅರ್ಜಿ, ಸೆಕ್ಷನ್ 72ರಲ್ಲಿ ಶಿಕ್ಷೆಯ ಅರ್ಜಿ. ಎರಡನೆಯದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದೇಶದ ಪ್ರಮಾಣೀಕೃತ ಪ್ರತಿಯನ್ನು ಹೊರಬಿದ್ದ ವಾರದಲ್ಲೇ ಪಡೆದಿಟ್ಟುಕೊಳ್ಳಿ, ಜಾರಿ ಅರ್ಜಿಯ ಜೊತೆ ಅದನ್ನು ಕೇಳುತ್ತಾರೆ. ಲ್ಯಾಪ್‌ಟಾಪನ್ನು ಹಣ ಕೈಸೇರುವವರೆಗೆ ಡಬ್ಬದ ಸಮೇತ ಇಟ್ಟಿರಿ. 'ವಸ್ತು ಮರಳಿಸಿದ ಮೇಲೆ' ಎಂಬ ಷರತ್ತು ಆದೇಶದಲ್ಲಿ ಇರುವ ಸಾಧ್ಯತೆ ಹೆಚ್ಚು. ಆಗ ಪಿಕಪ್ ರಸೀದಿಯಲ್ಲಿ ಸೀರಿಯಲ್ ನಂಬರು ಬರೆಸಿಕೊಂಡೇ ಕೊಡಿ.